ಉಳಿದ ನಾಲ್ಕು ತುತ್ತು

ರಾತ್ರಿ ಎಂಟೂವರೆ. ಹಿತ್ತಲ ಜಗಲಿಯ ಮೇಲೆ ಅತ್ತೆ ಪುಟ್ಟಿಯನ್ನು ಕೂರಿಸಿಕೊಂಡಿದ್ದಾರೆ. ಕೈಯಲ್ಲಿ ಬೆಳ್ಳಿ ಬಟ್ಟಲು, ಬಟ್ಟಲಲ್ಲಿ ನುಣ್ಣಗೆ ಕಲಸಿದ ಬೇಳೆ ಅನ್ನ, ಮೇಲೆ ಒಂದು ಮಿಳ್ಳೆ ತುಪ್ಪ. ಪುಟ್ಟಿಗೆ ಎರಡು ವರ್ಷ ಮೂರು ತಿಂಗಳು. ಮೊದಲ ತುತ್ತು ಕಾಗೆಯ ಹೆಸರಲ್ಲಿ ಹೋಯಿತು, ಎರಡನೆಯದು ಅಪ್ಪನ ಹೆಸರಲ್ಲಿ, ಮೂರನೆಯದು ಚಂದಮಾಮನ ಹೆಸರಲ್ಲಿ. ಹೀಗೆ ಒಂದಷ್ಟು ಒಳಗಿಳಿದ ಮೇಲೆ ಅವಳು ತುಟಿ ಬಿಗಿದಳು. ಮುಖ ಅತ್ತ ತಿರುಗಿಸಿ, ಎರಡೂ ಅಂಗೈ ಮುಂದೆ ಮಾಡಿ, "ಸಾಕು" ಅಂದಳು. ಅವಳ ಬಾಯಲ್ಲಿ ತೊದಲಿಲ್ಲದೆ ಬರುವ ಮಾತುಗಳಲ್ಲಿ ಅದೂ ಒಂದು. ಅತ್ತೆ ಬಟ್ಟಲು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಇನ್ನು ನಾಲ್ಕೇ ತುತ್ತು ಐತೆ ಕಣಮ್ಮ. ಇಷ್ಟಕ್ಕೇ ಬಿಟ್ರೆ ಹೊಟ್ಟೆಗೆ ಏನು ಹೋದಂಗಾಯ್ತು?"

ಈ ಅಂಕಣಕ್ಕೆ ಪತ್ರ ಬರೆಯುವ ತಾಯಂದಿರು, ಒಮ್ಮೊಮ್ಮೆ ತಂದೆಯಂದಿರು, ಎಷ್ಟೋ ಸಲ ಅಜ್ಜಿಯರು ಕೇಳುತ್ತಲೇ ಬಂದಿರುವುದು ಈ ನಾಲ್ಕು ತುತ್ತಿನ ವಿಷಯವನ್ನೇ. ಹತ್ತು ತಿಂಗಳಿದ್ದಾಗ ಬಟ್ಟಲು ತುಂಬ ರಾಗಿ ಸರಿ ತಿನ್ನುತ್ತಿದ್ದ ಮಗು ಒಂದೂವರೆ ವರ್ಷಕ್ಕೆ ಎರಡು ಚಮಚಕ್ಕೇ ಮುಖ ತಿರುಗಿಸುತ್ತದೆ. ಕೊಟ್ಟರೆ ಬರೀ ಮೊಸರನ್ನ, ಬರೀ ಬಾಳೆಹಣ್ಣು, ಬರೀ ಬಿಸ್ಕತ್ತು. ಯಾವ ಟಾನಿಕ್ ಒಳ್ಳೆಯದು? ದೃಷ್ಟಿ ತಾಕಿರಬಹುದೇ? ಹೊಟ್ಟೆಯಲ್ಲಿ ಹುಳುವೇ? ನಾನು ವೈದ್ಯೆಯಲ್ಲ. ಇಬ್ಬರು ಮಕ್ಕಳನ್ನು ಸಾಕುತ್ತಾ, ಮಕ್ಕಳ ಡಾಕ್ಟರನ್ನು ಪದೇಪದೇ ಕೇಳುತ್ತಾ, ಸಿಕ್ಕಿದ್ದನ್ನು ಓದುತ್ತಾ ತಿಳಿದುಕೊಂಡದ್ದನ್ನು ಹೇಳುತ್ತೇನೆ. ದೊಡ್ಡವನಿಗೆ ಈಗ ಒಂಬತ್ತು ವರ್ಷ. ಅವನ ಊಟದ ವಿಷಯದಲ್ಲಿ ನಾನು ಮಾಡಿದ್ದನ್ನು ನೆನೆದರೆ ಇವತ್ತಿಗೂ ಎದೆ ಹಿಂಡುತ್ತದೆ.

ಅವನನ್ನು ನಾನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಕೈಗಳನ್ನು ನನ್ನ ಕಂಕುಳಲ್ಲಿ ಅದುಮಿ, ಅಳಲು ಬಾಯಿ ತೆರೆದ ಕ್ಷಣಕ್ಕೆ ಚಮಚ ತೂರಿಸುತ್ತಿದ್ದೆ. ಸರಿಯನ್ನು ತೆಳ್ಳಗೆ ಮಾಡಿ ಒಳಲೆಯಲ್ಲಿ ಹುಯ್ದದ್ದೂ ಉಂಟು. ಅಳುವ ಮಗುವಿನ ಬಾಯಿಗೆ ಹುಯ್ದ ದ್ರವ ಅನ್ನನಾಳ ತಪ್ಪಿ ಶ್ವಾಸನಾಳಕ್ಕೆ ಇಳಿಯಬಹುದು, ಅದರಿಂದ ನ್ಯುಮೋನಿಯಾ ಆಗಬಹುದು ಎಂದು ಡಾಕ್ಟರು ಹೇಳಿದಾಗ ನನ್ನ ಕೈಕಾಲು ತಣ್ಣಗಾದವು. ತಿನ್ನಿಸಿದ್ದರಲ್ಲಿ ಅರ್ಧ ವಾಂತಿಯಾಗಿ ಹೊರಗೆ ಬರುತ್ತಿತ್ತು. ಕೊನೆಕೊನೆಗೆ ಅಡುಗೆಮನೆಯಿಂದ ನಾನು ಬಟ್ಟಲು ಹಿಡಿದು ಬರುವುದನ್ನು ಕಂಡರೆ ಸಾಕು, ಅವನು ಮಂಚದ ಕೆಳಗೆ ನುಸುಳುತ್ತಿದ್ದ. ಅಮ್ಮನ ಕೈಯಲ್ಲಿ ಅನ್ನ ಕಂಡು ಮಗು ಅಡಗಿಕೊಳ್ಳುವುದಕ್ಕಿಂತ ದೊಡ್ಡ ಸೋಲು ತಾಯಿಗೆ ಇನ್ನೇನಿದೆ? ನನ್ನ ಆ ದಿನಗಳು ಇನ್ನೊಂದು ಮನೆಯಲ್ಲಿ ನಡೆಯದಿರಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಲೆಕ್ಕ. ಹೆಣ್ಣುಮಗು ಹುಟ್ಟುವಾಗ ಸುಮಾರು 3.2 ಕಿಲೋ, ವರ್ಷ ತುಂಬುವಾಗ 8.9 ಕಿಲೋ, ಎರಡು ತುಂಬುವಾಗ 11.5, ಮೂರಕ್ಕೆ 13.9. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಬೆಳವಣಿಗೆಯ ಮಾನದಂಡದಲ್ಲಿ ನಟ್ಟನಡುವೆ ಬರುವ ಅಂಕಿಗಳಿವು. ಯಾವುದೋ ದೇಶದ ದಷ್ಟಪುಷ್ಟ ಮಕ್ಕಳ ಲೆಕ್ಕ ನಮಗೇಕೆ ಎಂದು ಅನ್ನಿಸಿದರೆ, ಅದಕ್ಕಾಗಿ ಅಳೆದು ತೂಗಿದ ಆರು ದೇಶಗಳ ಮಕ್ಕಳಲ್ಲಿ ನಮ್ಮ ದಕ್ಷಿಣ ದೆಹಲಿಯ ಮಕ್ಕಳೂ ಇದ್ದರು. ಈಗ ಕಳೆದು ನೋಡಿ. ಮೊದಲ ವರ್ಷ ಐದೂವರೆ ಕಿಲೋಗೂ ಮೀರಿ ಮೈ ತುಂಬಿಸಿಕೊಂಡ ಮಗು ಎರಡನೆಯ ವರ್ಷ ಕೂಡಿಸಿಕೊಳ್ಳುವುದು ಬರೀ ಎರಡೂವರೆ ಕಿಲೋ. ಉದ್ದವೂ ಹಾಗೆಯೇ: ಮೊದಲ ವರ್ಷ ಸುಮಾರು 25 ಸೆಂಟಿಮೀಟರ್, ಎರಡನೆಯ ವರ್ಷ ಅದರ ಅರ್ಧ. ಬೆಳೆಯುವ ವೇಗ ಇಳಿದಾಗ ಮೈ ತೂಕದ ಒಂದೊಂದು ಕಿಲೋಗೆ ಬೇಕಾಗುವ ಆಹಾರವೂ ಇಳಿಯುತ್ತದೆ. ಹಸಿವಿಗೆ ಇದು ಗೊತ್ತಾಗುತ್ತದೆ, ನಮಗೆ ಗೊತ್ತಾಗುವುದಿಲ್ಲ. ವರ್ಷದ ಹುಟ್ಟುಹಬ್ಬ ಮುಗಿದ ಕೂಡಲೇ "ಊಟ ಬಿಟ್ಟುಬಿಟ್ಟ" ಎಂದು ಊರೆಲ್ಲ ಹೇಳಿಕೊಂಡು ಬರುತ್ತೇವೆ. ಹೀಗಾಗುವುದು ಕಾಯಿಲೆಯಲ್ಲ, ಬೆಳವಣಿಗೆಯ ಹದ.

ಇದರ ಜೊತೆಗೇ ಮಗು ನಡೆಯಲು ಕಲಿತಿರುತ್ತದೆ. ತೊಟ್ಟಿಲು, ಮಡಿಲು, ಚಾಪೆ ಇಷ್ಟೇ ಆಗಿದ್ದ ಅದರ ಲೋಕಕ್ಕೆ ಈಗ ನಲ್ಲಿ ಸೇರಿದೆ, ಚಪ್ಪಲಿ ಗೂಡು ಸೇರಿದೆ, ಪಕ್ಕದ ಮನೆಯ ಬೆಕ್ಕು ಸೇರಿದೆ. ಇಷ್ಟನ್ನೆಲ್ಲ ಬಿಟ್ಟು ಒಂದೇ ಕಡೆ ಅರ್ಧ ಗಂಟೆ ಕೂತು ಬಟ್ಟಲು ಖಾಲಿ ಮಾಡು ಎಂದರೆ ಹೇಗಾದೀತು?

ಒಂದು ಹೊತ್ತು ತಿಂದದ್ದನ್ನು ನೋಡಿ ತೀರ್ಮಾನಕ್ಕೆ ಬರಬಾರದು ಎನ್ನಲು ಒಳ್ಳೆಯ ಆಧಾರವಿದೆ. ಅಮೆರಿಕದ ಲಿಯಾನ್ ಬರ್ಚ್ ಮತ್ತು ಜೊತೆಗಾರರು ಎರಡರಿಂದ ಐದು ವರ್ಷದೊಳಗಿನ 15 ಮಕ್ಕಳು ಆರು ದಿನ ತಿಂದದ್ದನ್ನೆಲ್ಲ ತೂಗಿ ಅಳೆದು, 1991ರಲ್ಲಿ ವರದಿ ಮಾಡಿದರು. ಒಂದು ಹೊತ್ತಿನ ಊಟಕ್ಕೂ ಇನ್ನೊಂದು ದಿನದ ಅದೇ ಹೊತ್ತಿನ ಊಟಕ್ಕೂ ಮಕ್ಕಳು ತೆಗೆದುಕೊಂಡ ಶಕ್ತಿಯಲ್ಲಿ ಸರಾಸರಿ ಶೇ. 33ರಷ್ಟು ಏರುಪೇರಿತ್ತು. ಆದರೆ ಇಡೀ ದಿನದ ಲೆಕ್ಕ ಕೂಡಿಸಿದರೆ ಏರುಪೇರು ಶೇ. 10ರ ಆಸುಪಾಸಿಗೆ ಇಳಿಯಿತು. ಬೆಳಗ್ಗೆ ಹೆಚ್ಚು ತಿಂದ ಮಗು ಮಧ್ಯಾಹ್ನ ಕಡಿಮೆ ಮಾಡಿಕೊಂಡಿತ್ತು, ಮಧ್ಯಾಹ್ನ ಬಿಟ್ಟದ್ದು ಸಂಜೆ ತುಂಬಿಸಿಕೊಂಡಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ. ಹದಿನೈದೇ ಮಕ್ಕಳ ಅಧ್ಯಯನ, ನಿಜ. ಆದರೂ ಅದನ್ನು ಓದಿದ ವಾರ ನಾನೂ ಒಂದು ನೋಟ್‌ಬುಕ್ಕಿನಲ್ಲಿ ಪುಟ್ಟಿ ತಿಂದದ್ದನ್ನು ಬರೆದಿಟ್ಟೆ. ಸೋಮವಾರ ಬೆಳಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಏನೂ ಇಲ್ಲ, ಸಂಜೆ ಒಂದು ಏಲಕ್ಕಿ ಬಾಳೆ, ರಾತ್ರಿ ನಿಂಬೆಗಾತ್ರದ ಮುದ್ದೆ ಸೊಪ್ಪಿನ ಸಾರಿನಲ್ಲಿ. ಮಂಗಳವಾರ ಬೆಳಗ್ಗೆ ಉಪ್ಪಿಟ್ಟನ್ನು ಬೆರಳಲ್ಲಿ ಕೆದಕಿ ಕ್ಯಾರೆಟ್ಟನ್ನಷ್ಟೇ ಆರಿಸಿ ತಿಂದಳು. ಮಧ್ಯಾಹ್ನ ಮಾತ್ರ ಹಿತಕಿದಬೇಳೆ ಸಾರಿಗೆ ಅನ್ನ ಎರಡು ಸಲ ಹಾಕಿಸಿಕೊಂಡಳು. ಗುರುವಾರ ಇಡೀ ದಿನ ಗಾಳಿ ಕುಡಿದು ಬದುಕಿದ ಹಾಗಿತ್ತು. ಶುಕ್ರವಾರ ಬೆಳಗ್ಗೆ ಮೂರು ದೋಸೆ. ಭಾನುವಾರ ಹಾಳೆ ತಿರುವಿದಾಗ ಕಾಳು, ಸೊಪ್ಪು, ರಾಗಿ, ಹಾಲು, ಮೊಟ್ಟೆ, ಹಣ್ಣು ಎಲ್ಲವೂ ಒಂದಲ್ಲ ಒಂದು ದಿನದಲ್ಲಿ ಇದ್ದವು. ಒಂದೇ ದಿನದಲ್ಲಿ ಒಟ್ಟಿಗೆ ಇರಲಿಲ್ಲ, ಅಷ್ಟೆ. ಪತ್ರ ಬರೆದು ಕೇಳುವವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ: ಟಾನಿಕ್ ಕೊಳ್ಳುವ ಮುಂಚೆ ಒಂದು ವಾರ ಬರೆದಿಡಿ.

ಇನ್ನು ಹೊಸ ತರಕಾರಿ ಕಂಡರೆ ಮುಖ ಕಿವುಚುವುದು. ಎಂಟು ತಿಂಗಳ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ. ಎರಡು ವರ್ಷದ ಮಗು ಹಸಿರು ಎಲೆಯೊಂದು ಅನ್ನದಲ್ಲಿ ಕಂಡರೆ ಇಡೀ ತಟ್ಟೆಯನ್ನೇ ತಳ್ಳುತ್ತದೆ. ಗುರುತಿಲ್ಲದ್ದನ್ನು ತಿನ್ನಲು ಹೆದರುವುದು ಎರಡರಿಂದ ಆರು ವರ್ಷದ ನಡುವೆ ಬಹುತೇಕ ಮಕ್ಕಳಲ್ಲಿ ಕಾಣುವಂಥದ್ದು. ತಾಯಿಯ ಕಂಕುಳು ಬಿಟ್ಟು ತನ್ನ ಕಾಲ ಮೇಲೆ ತಿರುಗಾಡತೊಡಗಿದ ಮಗು ಸಿಕ್ಕಸಿಕ್ಕ ಕಾಯಿ, ಎಲೆ ತಿಂದು ವಿಷ ಏರಿಸಿಕೊಳ್ಳದಿರಲಿ ಎಂದು ಈ ಎಚ್ಚರ ಬೆಳೆದು ಬಂದಿರಬೇಕು ಎಂಬುದು ವಿಜ್ಞಾನಿಗಳ ಊಹೆ. ನನಗೆ ಈ ಊಹೆ ಇಷ್ಟ. ಅವಳು ನನ್ನ ಅಡುಗೆಯನ್ನು ಬೈಯುತ್ತಿಲ್ಲ, ತನ್ನನ್ನು ಕಾಯ್ದುಕೊಳ್ಳುತ್ತಿದ್ದಾಳೆ ಎಂದುಕೊಂಡರೆ ತಟ್ಟೆ ತಳ್ಳಿದಾಗ ಬರುವ ಸಿಟ್ಟು ಅರ್ಧ ಇಳಿಯುತ್ತದೆ. ಈ ಹೆದರಿಕೆಗೆ ಮದ್ದು ಪರಿಚಯ. ಒಂದು ರುಚಿ ನಾಲಿಗೆಗೆ ಒಗ್ಗಲು ಎಂಟು ಹತ್ತು ಸಲ, ಕೆಲವು ಮಕ್ಕಳಿಗೆ ಹದಿನೈದು ಸಲವೂ ಬೇಕಾಗಬಹುದು. ನಾವು ಎರಡು ಸಲ ನೋಡಿ "ಅವಳಿಗೆ ನುಗ್ಗೆಸೊಪ್ಪು ಆಗಲ್ಲ" ಎಂದು ಷರಾ ಬರೆದುಬಿಡುತ್ತೇವೆ. ಪುಟ್ಟಿಯ ತಟ್ಟೆಯ ಅಂಚಿಗೆ ನುಗ್ಗೆಸೊಪ್ಪಿನ ಪಲ್ಯವನ್ನು ಒಂದು ಚಿಟಿಕೆಯಷ್ಟು ಹಾಕುತ್ತಾ ಬಂದೆ, ತಿನ್ನು ಎನ್ನಲಿಲ್ಲ. ಮೊದಲ ದಿನ ನೆಲಕ್ಕೆ ಎಸೆದಳು. ಮತ್ತೊಂದು ದಿನ ಬೆರಳಿಂದ ಮುಟ್ಟಿದಳು. ಒಂದು ದಿನ ನಾಲಿಗೆಗೆ ತಾಗಿಸಿ ಉಗುಳಿದಳು. ಎಷ್ಟನೆಯ ಸಲವೋ ಎಣಿಸಿಲ್ಲ, ಅಣ್ಣನ ತಟ್ಟೆಯಿಂದ ತಾನೇ ಕಿತ್ತುಕೊಂಡು ತಿಂದಳು. ಅಣ್ಣ ತಿನ್ನುತ್ತಿದ್ದ ಎನ್ನುವುದೇ ಅವಳಿಗೆ ಸಿಕ್ಕ ಭರವಸೆ.

ಮಕ್ಕಳನ್ನು ಅವರ ಹಸಿವಿಗೇ ಬಿಟ್ಟರೆ ಏನಾಗುತ್ತದೆ ಎಂದು ನೋಡಲು ಹೊರಟವರಲ್ಲಿ ಎಲ್ಲರಿಗಿಂತ ದೂರ ಹೋದವರು ಕ್ಲಾರಾ ಡೇವಿಸ್ ಎಂಬ ಅಮೆರಿಕದ ಮಕ್ಕಳ ವೈದ್ಯೆ. ಅವರ ಮೊದಲ ವರದಿ 1928ರದ್ದು, ಕೊನೆಯದಾಗಿ ಎಲ್ಲವನ್ನೂ ಕೂಡಿಸಿ ಹೇಳಿದ್ದು 1939ರಲ್ಲಿ. ಆಗಷ್ಟೇ ಎದೆಹಾಲು ಬಿಡಿಸಿದ 15 ಕೂಸುಗಳು, ಮುಂದೆ 34 ಬಗೆಯ ಆಹಾರ: ಹಾಲು, ಹುಳಿಹಾಲು, ಸೇಬು, ಬಾಳೆಹಣ್ಣು, ಟೊಮೆಟೊ, ಬೀಟ್‌ರೂಟು, ಬಟಾಣಿ, ಎಲೆಕೋಸು, ಪಾಲಕ್, ಆಲೂಗಡ್ಡೆ, ಗೋಧಿ, ಓಟ್ಸ್, ಮಾಂಸ, ಮೀನು, ಲಿವರ್. ಎಲ್ಲವೂ ಬೇರೆಬೇರೆ ಬಟ್ಟಲಲ್ಲಿ. ಪಕ್ಕದಲ್ಲಿ ಚಮಚ ಹಿಡಿದು ಕೂತ ದಾದಿಯರಿಗೆ ಕಟ್ಟುನಿಟ್ಟಾದ ಅಪ್ಪಣೆ: ಏನನ್ನೂ ಮುಂದೆ ಚಾಚಬಾರದು, ತಿನ್ನು ಎನ್ನಬಾರದು, ಬೇಡ ಎನ್ನಲೂಬಾರದು. ಮಗು ತಾನೇ ಕೈ ತೋರಿಸಿದರೆ ಮಾತ್ರ ಒಂದು ಚಮಚ ಕೊಡಬಹುದು. ಮಕ್ಕಳು ತಿಂದ ರೀತಿ ಯಾವ ಅಜ್ಜಿಗೂ ನಿದ್ದೆ ಕೆಡಿಸುವಂಥದ್ದು. ಒಬ್ಬ ಬೆಳಗ್ಗೆ ಅರ್ಧ ಲೀಟರಿನಷ್ಟು ಕಿತ್ತಳೆ ರಸ ಕುಡಿದು ಮೇಲೆ ಲಿವರ್ ತಿಂದರೆ, ಇನ್ನೊಬ್ಬ ರಾತ್ರಿ ಊಟಕ್ಕೆ ಮೊಟ್ಟೆಗಳ ಮೇಲೆ ಮೊಟ್ಟೆ, ಬಾಳೆಹಣ್ಣು, ಹಾಲು. ಇಬ್ಬರ ಆಯ್ಕೆ ಒಂದೇ ಥರ ಇರಲಿಲ್ಲ. ಆದರೂ ಎಲ್ಲ ಮಕ್ಕಳೂ ಚೆನ್ನಾಗಿ ಬೆಳೆದರು. ಮೂಳೆ ಮೆತ್ತಗಾಗುವ ರಿಕೆಟ್ಸ್ ಕಾಯಿಲೆಯಿದ್ದ ಒಂದು ಮಗುವಿನ ತಟ್ಟೆಯ ಪಕ್ಕ ಕಾಡ್ ಮೀನೆಣ್ಣೆಯ ಲೋಟ ಇಟ್ಟಿದ್ದರು; ಗುಣವಾಗುವವರೆಗೂ ಆ ಮಗು ಅದನ್ನು ತಾನಾಗಿ ಕುಡಿಯಿತು.

ಇಷ್ಟು ಓದಿ, ಮಕ್ಕಳ ಹಸಿವಿಗೆ ಎಲ್ಲವೂ ಗೊತ್ತಿದೆ, ನಮಗೆ ಕೆಲಸವೇ ಇಲ್ಲ ಎಂದುಕೊಳ್ಳುವ ಅಪಾಯವಿದೆ. ಡೇವಿಸ್ ತಾವೇ ಅದನ್ನು ತಡೆದರು. ಗುಟ್ಟೆಲ್ಲ ತಟ್ಟೆಗೆ ಏನು ಬಂತು ಎಂಬುದರಲ್ಲಿದೆ ಎಂದು ಸ್ಪಷ್ಟವಾಗಿ ಹೇಳಿದರು. ಆ 34 ಬಟ್ಟಲಲ್ಲಿ ಸಕ್ಕರೆ ಇರಲಿಲ್ಲ, ಡಬ್ಬಿಯ ತಿಂಡಿ ಇರಲಿಲ್ಲ. ಮಕ್ಕಳು ಯಾವುದನ್ನೇ ಆರಿಸಿದರೂ ಅದು ಹೊಲ, ತೋಟ, ಕೊಟ್ಟಿಗೆಯಿಂದ ಬಂದದ್ದಾಗಿತ್ತು. ಕೂಸುಗಳನ್ನು ತಿಂಗಳುಗಟ್ಟಲೆ, ಕೆಲವರನ್ನು ವರ್ಷಗಟ್ಟಲೆ ಹಾಗೆ ಇಟ್ಟುಕೊಂಡು ಪ್ರಯೋಗ ಮಾಡುವುದನ್ನು ಇಂದು ಯಾರೂ ಒಪ್ಪಲಾರರು, ಒಪ್ಪಲೂಬಾರದು. ಆದರೆ ಅದರಿಂದ ಸಿಕ್ಕ ತಿಳಿವಳಿಕೆಯ ಜಾಡಿನಲ್ಲೇ 1980ರ ದಶಕದಲ್ಲಿ ಎಲಿನ್ ಸ್ಯಾಟರ್ ಎಂಬ ಆಹಾರತಜ್ಞೆ ಊಟದ ಜವಾಬ್ದಾರಿಯನ್ನು ಎರಡು ಪಾಲು ಮಾಡಿದರು. ಏನು ಬಡಿಸಬೇಕು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ಪಾಲು. ಬಡಿಸಿದ್ದರಲ್ಲಿ ತಿನ್ನಬೇಕೋ ಬೇಡವೋ, ಎಷ್ಟು ತಿನ್ನಬೇಕು ಎಂಬುದು ಮಗುವಿನ ಪಾಲು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಎರಡು ವರ್ಷದೊಳಗಿನ ಮಕ್ಕಳ ಆಹಾರದ ಬಗ್ಗೆ ಕೊಟ್ಟ ಮಾರ್ಗಸೂಚಿಯೂ ಮಗುವಿನ ಹಸಿವಿನ ಸೂಚನೆ ನೋಡಿ ಉಣಿಸಿ ಎನ್ನುತ್ತದೆ. ನಮ್ಮ ಹಿರಿಯರು ಇದನ್ನು ಎರಡೇ ಪದದಲ್ಲಿ ಹೇಳಿ ಮುಗಿಸಿದ್ದಾರೆ: ಊಟ ತನ್ನಿಚ್ಛೆ. ನೋಟ ಪರರಿಚ್ಛೆ ಎಂಬ ಇನ್ನರ್ಧವನ್ನೂ ಸೇರಿಸಿ ಆ ಗಾದೆಯನ್ನು ದೊಡ್ಡವರಿಗೆಲ್ಲ ಅನ್ವಯಿಸುತ್ತೇವೆ. ಎರಡು ವರ್ಷದವರನ್ನು ಮಾತ್ರ ಹೊರಗಿಡುತ್ತೇವೆ.

ನಮ್ಮ ಮನೆಯಲ್ಲಿ ಈ ಪಾಲು ಸುಲಭವಾಗಿ ಆಗಲಿಲ್ಲ. ನಮ್ಮ ಪಾಲಿನ ಕೆಲಸವನ್ನೇ ನಾವು ಮಾಡುತ್ತಿಲ್ಲ ಎಂಬುದು ಮೊದಲು ಗೊತ್ತಾಯಿತು. ಊಟಕ್ಕೆ ಹೊತ್ತು ಗೊತ್ತಿರಲಿಲ್ಲ. ಹನ್ನೊಂದಕ್ಕೆ ಎರಡು ಬಿಸ್ಕತ್ತು, ಹನ್ನೆರಡಕ್ಕೆ ಒಂದು ಲೋಟ ಹಾಲು, ನಡುವೆ ಅಜ್ಜನ ಜೇಬಿಂದ ಒಂದು ಪೆಪ್ಪರಮೆಂಟು. ಒಂದು ಗಂಟೆಗೆ ಅನ್ನ ತಂದರೆ ಹಸಿವೆಲ್ಲಿಂದ ಬರಬೇಕು? ಹಾಲಿನ ವಿಷಯಕ್ಕೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಊಟ ಮಾಡಲಿಲ್ಲ, ಹಾಲಾದರೂ ಕುಡಿಯಲಿ ಎಂದು ದಿನಕ್ಕೆ ಲೀಟರ್‌ಗಟ್ಟಲೆ ಕುಡಿಸುವ ಮನೆಗಳಿವೆ. ಹಾಲಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ಅದರಲ್ಲಿರುವ ಕ್ಯಾಲ್ಸಿಯಂ ಬೇರೆ ಆಹಾರದ ಕಬ್ಬಿಣವನ್ನು ಹೀರಿಕೊಳ್ಳಲೂ ಅಡ್ಡಿ ಮಾಡುತ್ತದೆ. ಹೊಟ್ಟೆ ಹಾಲಿಂದಲೇ ತುಂಬಿದರೆ ಸೊಪ್ಪು, ಕಾಳು, ಮೊಟ್ಟೆಗೆ ಜಾಗ ಉಳಿಯುವುದಿಲ್ಲ. ರಕ್ತಹೀನತೆ ಬರುವ ಒಂದು ದಾರಿ ಇದು. ರಕ್ತ ಕಡಿಮೆಯಾದ ಮಗುವಿಗೆ ಹಸಿವು ಇನ್ನೂ ಸಾಯುತ್ತದೆ, ಅಮ್ಮ ಇನ್ನೂ ಹಾಲು ಕುಡಿಸುತ್ತಾಳೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಇದಕ್ಕೆ ಬೇರೆ ಕಾರಣಗಳೂ ಇವೆ. ಆದರೆ ಅರ್ಧ ಲೀಟರಿಗೆ ಹಾಲು ನಿಲ್ಲಿಸುವುದು, ಮಗುವಿಗೆ ಟೀ ಕೊಡದಿರುವುದು, ಸೊಪ್ಪಿನ ಸಾರಿಗೆ ನಾಲ್ಕು ಹನಿ ನಿಂಬೆರಸ ಹಿಂಡುವುದು ನಮ್ಮ ಕೈಯಲ್ಲೇ ಇರುವ ಕೆಲಸ. ಬಿಸ್ಕತ್ತಿನ ಡಬ್ಬಿ ನಮ್ಮ ಮನೆಯಲ್ಲಿ ಅಟ್ಟ ಸೇರಿತು. ಅಜ್ಜನ ಜೇಬಿಗೆ ಒಣದ್ರಾಕ್ಷಿ ಬಂತು, ಅದೂ ಒಂದೊಂದನ್ನೂ ಎರಡಾಗಿ ಸೀಳಿ, ಅವಳನ್ನು ಕೂರಿಸಿ ಕೊಡುವ ಷರತ್ತಿನ ಮೇಲೆ. ಇಡೀ ಕಡಲೆಬೀಜ, ಇಡೀ ದ್ರಾಕ್ಷಿ ಈ ವಯಸ್ಸಿನವರ ಗಂಟಲಿಗೆ ಸಿಕ್ಕಿಕೊಂಡು ಉಸಿರು ಕಟ್ಟಿಸಬಹುದು ಎಂಬುದನ್ನು ಯಾವ ಮನೆಯೂ ಮರೆಯಬಾರದು.

ಮೊಬೈಲು ತೋರಿಸಿ ಉಣಿಸುವುದರ ಬಗ್ಗೆ ಬಹಳ ಬರೆಯುವುದಿಲ್ಲ. ದಣಿದ ತಾಯಿಗೆ ಅದೊಂದೇ ದಾರಿ ಕಾಣುವ ಸಂಜೆಗಳಿರುತ್ತವೆ, ನನಗೂ ಇದ್ದವು. ಭಾರತೀಯ ಮಕ್ಕಳ ತಜ್ಞರ ಸಂಘ 2021ರಲ್ಲಿ ಎರಡು ವರ್ಷದೊಳಗಿನವರಿಗೆ ಪರದೆಯೇ ಬೇಡ, ದೂರದ ಬಂಧುಗಳ ವಿಡಿಯೋ ಕರೆಯೊಂದಕ್ಕೆ ಮಾತ್ರ ವಿನಾಯಿತಿ ಎಂದಿತು. ಎರಡರಿಂದ ಐದು ವರ್ಷಕ್ಕೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಎಂದಿತು. ಊಟದ ಮಟ್ಟಿಗೆ ನನಗೆ ಹೆಚ್ಚು ನೋವಾಗುವುದು ಇನ್ನೊಂದು ಕಾರಣಕ್ಕೆ. ಪರದೆ ನೋಡುತ್ತಾ ಬಾಯಿ ತೆರೆಯುವ ಮಗುವಿಗೆ ತಾನು ಏನು ತಿಂದೆ, ಹೊಟ್ಟೆ ಯಾವಾಗ ತುಂಬಿತು ಎಂಬುದು ತಿಳಿಯುವುದಿಲ್ಲ. "ಸಾಕು" ಎಂಬ ಮಾತು ಅದರ ಒಳಗೇ ಮಸುಕಾಗುತ್ತಾ ಹೋಗುತ್ತದೆ.

ಅತ್ತೆಗೆ ನಾನು ಈ ಅಂಕಿಗಳನ್ನೆಲ್ಲ ಒಂದೊಂದಾಗಿ ಹೇಳಿದ್ದೆ. ಅವರು ಕೇಳಿಸಿಕೊಳ್ಳುತ್ತಿದ್ದರು. ರಾತ್ರಿ ಬಟ್ಟಲಲ್ಲಿ ನಾಲ್ಕು ತುತ್ತು ಉಳಿದರೆ ಮತ್ತೆ ಅದೇ ಮಾತು. ನನಗೆ ಬೇಸರ ಬರುತ್ತಿತ್ತು. ಒಂದು ಮಧ್ಯಾಹ್ನ ಇಬ್ಬರೂ ರಾಗಿ ಸರಿಗೆ ಕೂತಿದ್ದೆವು. ನೆನೆಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಬೀಸಿದ ರಾಗಿಯನ್ನು ಅವರು ಹಳೆಯ ಪಂಚೆಯಲ್ಲಿ ವಸ್ತ್ರಗಾಳಿ ಮಾಡುತ್ತಿದ್ದರು. ಮೊಳಕೆ ಬರಿಸಿದ ರಾಗಿಯ ಹಿಟ್ಟು ಬೇಯಿಸಿದಾಗ ಗಟ್ಟಿಗಟ್ಟದೆ ತೆಳ್ಳಗಾಗುತ್ತದೆ, ಹಾಗಾಗಿ ಪುಟ್ಟ ಹೊಟ್ಟೆಗೆ ಹೆಚ್ಚು ಹಿಟ್ಟು ಹಿಡಿಸಬಹುದು. ಅದರ ಕಬ್ಬಿಣವೂ ಮೈಗೆ ಚೆನ್ನಾಗಿ ಹತ್ತುತ್ತದೆ. ಪುಸ್ತಕ ಓದದ ಕೈಗಳು ತಲೆತಲಾಂತರದಿಂದ ಮಾಡಿಕೊಂಡು ಬಂದ ಕೆಲಸ. ಪಂಚೆಯ ಅಂಚು ತಟ್ಟುತ್ತಾ ಅತ್ತೆ ತಲೆ ಎತ್ತದೆ ಹೇಳಿದರು. "ನಮ್ಮ ಮೊದಲ್ನೆಯೋನಿಗೆ ಒಂದೂವರೆ ವರ್ಷ. ವಾಂತಿಭೇದಿ ಹತ್ಕಂತು. ಮೂರು ದಿನ ಒಂದು ಅಗುಳು ಬಾಯಿಗೆ ತಗಳ್ಳಿಲ್ಲ. ಹಿಂಗೇ ಮುಖ ತಿರುಗಿಸ್ತಿದ್ದ ಕಣಮ್ಮ. ನಾಲ್ಕನೇ ದಿನ ಇರಲಿಲ್ಲ."

ನನ್ನ ಗಂಡನಿಗಿಂತ ಮೊದಲು ಇನ್ನೊಬ್ಬನಿದ್ದ ಎಂದು ತಿಳಿದಿತ್ತು. ಹೇಗೆ ಹೋದ ಎಂದು ತಿಳಿದಿರಲಿಲ್ಲ. ತುರುವೇಕೆರೆ ಕಡೆಯ ಅವರ ಹಳ್ಳಿಗೆ ಆಗ ಬಸ್ಸಿರಲಿಲ್ಲ, ಉಪ್ಪು ಸಕ್ಕರೆ ನೀರಿನ ಪೊಟ್ಟಣದ ವಿಷಯ ಯಾರಿಗೂ ಗೊತ್ತಿರಲಿಲ್ಲ. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 129 ಮಕ್ಕಳು ವರ್ಷ ತುಂಬುವ ಮೊದಲೇ ಕಣ್ಣು ಮುಚ್ಚುತ್ತಿದ್ದರು. 2020ರ ಹೊತ್ತಿಗೆ ಅದು 28ಕ್ಕೆ, ಕರ್ನಾಟಕದಲ್ಲಿ 19ಕ್ಕೆ ಇಳಿದಿತ್ತು. ನಾನು ಆ ಎರಡನೆಯ ಲೆಕ್ಕದ ಕಾಲದ ತಾಯಿ. ಅತ್ತೆ ಮೊದಲ ಲೆಕ್ಕದವರು. ಮಗು ಮುಖ ತಿರುಗಿಸಿದರೆ ನನಗೆ ಹೊಟ್ಟೆ ತುಂಬಿದ್ದು ಕಾಣುತ್ತದೆ, ಅವರಿಗೆ ಆ ನಾಲ್ಕನೆಯ ದಿನ ಕಾಣುತ್ತದೆ. ದುಂಡಗಿರುವ ಮಗು ಎಂದರೆ ಒಂದು ವಾರದ ಭೇದಿಯನ್ನು ತಡೆದುಕೊಳ್ಳಬಲ್ಲ ಮಗು ಎಂದು ಅವರ ತಲೆಮಾರು ಅನುಭವದಿಂದ ಕಲಿತಿತ್ತು. ಅದು ಮೂಢನಂಬಿಕೆಯಲ್ಲ. ಅಂದಿನಿಂದ ನಾನು ಅವರ ಜೊತೆ ಅಂಕಿಗಳ ಮಾತಾಡಲಿಲ್ಲ. ತಾಯಿ ಕಾರ್ಡು ತೆಗೆದು, ಅಂಗನವಾಡಿಯಲ್ಲಿ ತೂಗಿದಾಗಲೆಲ್ಲ ಹಾಕಿಸಿದ ಚುಕ್ಕೆಗಳನ್ನು ಸೇರಿಸಿದ ಗೆರೆ ತೋರಿಸಿದೆ. ಹಸಿರು ಪಟ್ಟೆಯಲ್ಲಿ ಸಣ್ಣಗೆ, ಬಿಡದೆ ಏರುವ ಗೆರೆ. "ಇದು ಅವಳದಾ?" ಎಂದು ಕೇಳಿ ಬೆರಳಿಟ್ಟು ಹುಟ್ಟಿದ ದಿನದಿಂದ ಮೇಲಿನವರೆಗೆ ನಿಧಾನವಾಗಿ ಸವರಿದರು.

ಇಲ್ಲಿ ಇನ್ನೊಂದು ಮಾತು ಹೇಳದಿದ್ದರೆ ಈ ಬರಹ ಅಪ್ರಾಮಾಣಿಕವಾಗುತ್ತದೆ. ಎಷ್ಟು ತಿನ್ನಬೇಕೆಂದು ಮಗುವೇ ತೀರ್ಮಾನಿಸಲಿ ಎಂಬ ಮಾತು, ತಟ್ಟೆಗೆ ಬೇಕಾದ್ದು ಬರುವ ಮನೆಗೆ ಸಲ್ಲುವ ಮಾತು. 2019-21ರ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಕೂಲಿಗೆ ಹೋಗುವ ತಾಯಿಯ ಮಗುವಿನ ಮುಂದೆ ಕಾಳು, ಮೊಟ್ಟೆ, ಹಣ್ಣು ಇಲ್ಲದಾಗ ಅದರ ಆಯ್ಕೆಗೆ ಅರ್ಥವೇನು? 1975ರಲ್ಲಿ ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾದಾಗ ಮೊದಲ 33 ಕಡೆಗಳಲ್ಲಿ ನಮ್ಮ ಟಿ. ನರಸೀಪುರವೂ ಒಂದಾಗಿತ್ತು. ಅಂಗನವಾಡಿಯಲ್ಲಿ ಸಿಗುವ ಪುಷ್ಟಿ ಹಿಟ್ಟು, ಮೊಟ್ಟೆ, ತಿಂಗಳ ತೂಕ ಆ ಮಕ್ಕಳ ಹಕ್ಕು. ಅನುಕೂಲಸ್ಥ ಮನೆಗಳವರೂ ಅಲ್ಲಿಗೆ ಮಗುವನ್ನು ಕರೆದೊಯ್ದು ತೂಗಿಸಬೇಕು, ಜಂತುಹುಳುವಿನ ಮಾತ್ರೆ ಕೊಡಿಸಬೇಕು ಎಂಬುದು ನನ್ನ ಬಲವಾದ ಅನಿಸಿಕೆ. ಅಂಗನವಾಡಿ ಕಾರ್ಯಕರ್ತೆಯ ಕೈಯಲ್ಲಿ ತೋಳು ಅಳೆಯುವ ಒಂದು ಬಣ್ಣದ ಪಟ್ಟಿ ಇರುತ್ತದೆ. ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಕೆಂಪು. ಆ ಮಗುವಿಗೆ ತಡಮಾಡದೆ ಚಿಕಿತ್ಸೆ ಬೇಕು. 12.5 ದಾಟಿದರೆ ಹಸಿರು. ತಟ್ಟೆಯಲ್ಲಿ ಉಳಿದ ತುತ್ತಿಗಿಂತ ಆ ಪಟ್ಟಿ ಹೆಚ್ಚು ನಿಜ ಹೇಳುತ್ತದೆ.

ಡಾಕ್ಟರ ಬಳಿ ಹೋಗಲೇಬೇಕಾದ ಸಂದರ್ಭಗಳಿವೆ. ತೂಕದ ಗೆರೆ ಎರಡು ಮೂರು ತಿಂಗಳು ಮಲಗಿದ್ದರೆ ಅಥವಾ ಇಳಿದರೆ. ಆಡುತ್ತಿದ್ದ ಮಗು ಸಪ್ಪಗಾಗಿ ಮೂಲೆ ಸೇರಿದರೆ. ಪ್ರತಿ ತುತ್ತಿಗೂ ಉಬ್ಬಳಿಸಿ ಕೆಮ್ಮಿದರೆ. ಮಣ್ಣು, ಗೋಡೆಯ ಸುಣ್ಣ ಕೆರೆದು ತಿನ್ನುತ್ತಿದ್ದರೆ, ಏಕೆಂದರೆ ಕಬ್ಬಿಣದ ಕೊರತೆಗೆ ಅದೂ ಒಂದು ಸುಳಿವು. ಭೇದಿಯಾಗಿ ಮೂತ್ರ ಕಡಿಮೆಯಾದರೆ. ಇವು ಯಾವುವೂ ಇಲ್ಲದೆ ಮಗು ಓಡಾಡಿಕೊಂಡು, ನಗುತ್ತಾ, ಅಳುತ್ತಾ, ಮನೆಯನ್ನೆಲ್ಲ ಕೆದರುತ್ತಾ ಇದ್ದರೆ ಅದಕ್ಕೆ ಹಸಿವಿನ ಟಾನಿಕ್ ಬೇಡ.

ಕೈತುತ್ತು ಬಿಡಬೇಕೇ ಎಂದು ಒಬ್ಬ ಓದುಗರು ಬರೆದಿದ್ದರು. ಖಂಡಿತ ಬೇಡ. ಅಜ್ಜಿಯ ಬೆರಳಲ್ಲಿ ಹದವಾಗಿ ಕಲೆತ ಅನ್ನದ ರುಚಿ ಯಾವ ಚಮಚಕ್ಕೂ ಬರುವುದಿಲ್ಲ, ಚಂದಮಾಮನ ಹೆಸರಿನ ತುತ್ತು ನಮ್ಮ ಮಕ್ಕಳಿಗೆ ಸಿಗುವ ಮೊದಲ ಕಥೆ. ತುತ್ತನ್ನು ತುಟಿಯ ತನಕ ಒಯ್ದು ಒಂದು ಕ್ಷಣ ತಡೆಯಬೇಕು, ಅಷ್ಟೆ. ಬಾಯಿ ಅದಾಗಿಯೇ ತೆರೆಯಲಿ. ಪುಟ್ಟಿಗೆ ನಾವು ಈಗ ಎರಡು ತಟ್ಟೆ ಇಡುತ್ತೇವೆ. ಒಂದರಲ್ಲಿ ಅಜ್ಜಿ ಕಲಸುತ್ತಾರೆ, ಇನ್ನೊಂದರಲ್ಲಿ ಅವಳೇ ಕಲಸಿ, ಚೆಲ್ಲಿ, ಮೊಣಕೈಗೆ ಹಚ್ಚಿಕೊಂಡು ತಿನ್ನುತ್ತಾಳೆ. ನೆಲ ಒರೆಸುವ ಕೆಲಸ ಅವಳಪ್ಪನದು.

ಆ ರಾತ್ರಿ ನಾನು "ಇರಲಿ ಬಿಡಿ ಅತ್ತೆ" ಎಂದೆ. ಅವರು ಏನೂ ಹೇಳದೆ ಬಟ್ಟಲಿಗೆ ತಟ್ಟೆ ಮುಚ್ಚಿ ಒಳಗಿಟ್ಟರು. ರಾತ್ರಿ ಎರಡು ಸಲ ಎದ್ದು ಅವಳ ಹೊಟ್ಟೆ ಮುಟ್ಟಿ ನೋಡಿದ್ದು ನನಗೆ ನಿದ್ದೆಗಣ್ಣಲ್ಲೇ ತಿಳಿಯಿತು. ಬೆಳಗ್ಗೆ ಆರೂಕಾಲಿಗೆ ಪುಟ್ಟಿ "ಮಮ್ಮು" ಎನ್ನುತ್ತಾ ಅಜ್ಜಿಯ ಸೆರಗು ಎಳೆದಳು. ಒಲೆಯ ಪಕ್ಕ ಮಣೆ ಹಾಕಿ ಕೂರಿಸಿ ಅತ್ತೆ ದೋಸೆ ಹುಯ್ದರು. ಒಂದು ಮುಗಿಯಿತು, ಎರಡು ಮುಗಿಯಿತು. ಮೂರನೆಯದಕ್ಕೆ ಸೌಟು ತುಂಬಿ ಕಾವಲಿಯ ಮೇಲೆ ಎತ್ತಿದಾಗ ಪುಟ್ಟಿ ಎದ್ದು ನಿಂತು, ತುಪ್ಪ ಮೆತ್ತಿದ ಎರಡೂ ಅಂಗೈ ತೋರಿಸಿ "ಸಾಕು" ಅಂದಳು. ಅತ್ತೆ ಅವಳನ್ನೇ ನೋಡುತ್ತಾ, ಸೌಟನ್ನು ಮೆಲ್ಲಗೆ ಹಿಟ್ಟಿನ ಪಾತ್ರೆಗೆ ಇಳಿಬಿಟ್ಟರು.